ಡಿಗ್ರಿ ಮೊದಲ ವರ್ಷದ ಸ್ಕಾಲರ್‌ಶಿಪ್: ಅರ್ಜಿಗಿಂತ ಮುಂಚಿನ ಕೆಲಸವೇ ಜಾಸ್ತಿ

"ಮೇಡಂ, ಅರ್ಜಿ ಹಾಕಿ ಆರು ತಿಂಗಳಾಯ್ತು, ಇನ್ನೂ ದುಡ್ಡು ಬಂದಿಲ್ಲ."

ಎರಡನೇ ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ನಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ಪ್ರತಿ ವರ್ಷ ಇದೇ ಮಾತು. ನಾನು ಬೆಂಗಳೂರಿನ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ಸ್ಕಾಲರ್‌ಶಿಪ್ ಕೆಲಸವನ್ನೂ ನೋಡಿಕೊಳ್ಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮಕ್ಕಳು. ಅಪ್ಪ ಆಟೋ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಒಂದು ಸರ್ಟಿಫಿಕೇಟ್‌ಗಾಗಿ ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಯಿತು. ಅದಕ್ಕೇ ಇವರು ಎರಡೆರಡು ಸಲ ಓಡಾಡುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಎಲ್ಲರೂ ಎಡವುವುದು ಒಂದೇ ಕಡೆ. ಕೊನೇ ದಿನಾಂಕ ಹತ್ತಿರ ಬಂತು ಅಂದಾಗ ಸೀದಾ ಸೈಬರ್ ಸೆಂಟರ್‌ಗೆ ಹೋಗಿ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ (ಎಸ್‌ಎಸ್‌ಪಿ) ತೆರೆಯುತ್ತಾರೆ. ಹೆಸರು, ಸರ್ಟಿಫಿಕೇಟ್, ಬ್ಯಾಂಕು ಈ ಮೂರೂ ಸರಿಯಾದ ಮೇಲೆ ಪೋರ್ಟಲ್ ತೆರೆಯಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ದಯವಿಟ್ಟು ಮಧ್ಯದಲ್ಲಿ ಯಾವುದನ್ನೂ ಹಾರಿಸಬೇಡಿ.

## ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ಒಂದು ಸಣ್ಣ ನೋಟ್‌ಬುಕ್ ತಗೊಳ್ಳಿ. ಮೊಬೈಲ್ ಕಳೆದುಹೋಗುತ್ತದೆ, ವಾಟ್ಸ್ಆಪ್‌ನಲ್ಲಿ ಇಟ್ಟ ಫೋಟೋ ಬೇಕಾದಾಗ ಸಿಗುವುದಿಲ್ಲ. ನೋಟ್‌ಬುಕ್‌ನಲ್ಲಿ ಇವನ್ನು ಬರೆದುಕೊಳ್ಳಿ: ನಿಮ್ಮ ಮತ್ತು ಅಪ್ಪ ಅಮ್ಮನ ಆಧಾರ್ ನಂಬರ್, ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿ ರಿಜಿಸ್ಟರ್ ನಂಬರ್ ವರ್ಷದ ಸಮೇತ, ಕಾಲೇಜು ಸೇರುವಾಗ ಡಿಗ್ರಿ ಪ್ರವೇಶದ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಬಂದ ನಂಬರ್, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್, ಬ್ಯಾಂಕ್ ಖಾತೆ ನಂಬರ್. ಎಸ್‌ಎಸ್‌ಪಿ ಐಡಿ ಮತ್ತು ಪಾಸ್‌ವರ್ಡ್‌ಗೆ ಒಂದು ಪುಟ ಖಾಲಿ ಬಿಡಿ. ಇದರಲ್ಲಿ ಆಧಾರ್, ಪಾಸ್‌ವರ್ಡ್ ಎಲ್ಲಾ ಇರುತ್ತದೆ, ಆದ್ದರಿಂದ ಈ ಪುಸ್ತಕ ಮನೆಯಲ್ಲೇ ಇರಲಿ.

ಕಾಲೇಜು ಫೀ ಕಟ್ಟಿದ ರಸೀದಿಯನ್ನು ಜೋಪಾನ ಮಾಡಿ. ಅದನ್ನು ಪರ್ಸ್‌ನಲ್ಲಿ ಮಡಿಚಿ ಇಟ್ಟು, ಮಡಿಕೆಯ ಜಾಗದಲ್ಲಿ ಅಂಕಿ ಅಳಿಸಿಹೋಗಿ, ಮತ್ತೆ ಆಫೀಸ್ ಮುಂದೆ ನಕಲು ಪ್ರತಿಗಾಗಿ ನಿಂತವರು ಎಷ್ಟೋ ಜನ.

## 1. ಹೆಸರು ಎಲ್ಲಾ ಕಡೆ ಒಂದೇ ಇದೆಯಾ ನೋಡಿ

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್, ಜಾತಿ ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಈ ನಾಲ್ಕನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಇಂಗ್ಲಿಷ್ ಸ್ಪೆಲ್ಲಿಂಗನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಸುಮ್ನೆ ಕಣ್ಣಾಡಿಸಿದರೆ ತಪ್ಪು ಕಾಣುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗಿಯ ಜೊತೆ ಕೂತು ಹೀಗೇ ನೋಡಿದೆ. ಅಂಕಪಟ್ಟಿಯಲ್ಲಿ ಮಂಜುಳ ಆರ್. ಆಧಾರ್‌ನಲ್ಲಿ ಮಂಜುಳಾ, ಇನಿಷಿಯಲ್ಲೇ ಇಲ್ಲ, ಕೊನೆಯಲ್ಲಿ ಎರಡು 'ಎ'. ಆದಾಯ ಪ್ರಮಾಣಪತ್ರದಲ್ಲಿ ಆರ್ ಮಂಜುಳ, ಅಂದರೆ ಇನಿಷಿಯಲ್ ಮುಂದೆ. ನಮಗೆ ಮೂರೂ ಒಬ್ಬಳೇ. ಕಂಪ್ಯೂಟರ್‌ಗೆ ಮೂರು ಜನ. ಆ ಹುಡುಗಿ ಎರಡು ಸಲ ಅರ್ಜಿ ತುಂಬಲು ಹೋಗಿ, ಹೆಸರು ಹೊಂದುತ್ತಿಲ್ಲ ಎಂದು ಬಂದು, ಸರ್ವರ್ ಸರಿಯಿಲ್ಲವೇನೋ ಅಂದುಕೊಂಡು ವಾಪಸ್ ಬಂದಿದ್ದಳು.

ಯಾವುದನ್ನು ತಿದ್ದಿಸಬೇಕು ಅನ್ನುವುದೇ ಇಲ್ಲಿ ಮುಖ್ಯ. ನನ್ನ ಸಲಹೆ ಇಷ್ಟು: ಅಂಕಪಟ್ಟಿಯ ಹೆಸರನ್ನು ಮುಟ್ಟಬೇಡಿ. ಅದನ್ನು ತಿದ್ದಿಸುವುದು ಬಹಳ ಕಷ್ಟ, ಮುಂದೆ ಡಿಗ್ರಿ ಸರ್ಟಿಫಿಕೇಟ್, ಕೆಲಸ ಎಲ್ಲದಕ್ಕೂ ಅದೇ ಬುಡ. ಮಿಕ್ಕ ಎಲ್ಲವನ್ನೂ ಅದಕ್ಕೆ ಹೊಂದಿಸಿ. ಮೊದಲು ಆಧಾರ್, ಆಮೇಲೆ ಬ್ಯಾಂಕು ಮತ್ತು ಪ್ರಮಾಣಪತ್ರ. ಉಲ್ಟಾ ಮಾಡಿದರೆ ಎಲ್ಲಾ ಇನ್ನೊಂದು ಸಲ ಮಾಡಿಸಬೇಕಾಗುತ್ತದೆ.

ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಹಾಗಾಗಿ ಕೇಂದ್ರದಲ್ಲಿ ಟೈಪ್ ಮಾಡಿದವರು ಸಹಿ ಮಾಡಿ ಅಂತ ಚೀಟಿ ಕೊಟ್ಟಾಗ ಅವಸರ ಮಾಡಬೇಡಿ. ಹಿಂದೆ ಕ್ಯೂ ಇದ್ದರೂ ಪರವಾಗಿಲ್ಲ, ಓದಿ ಸಹಿ ಮಾಡಿ. ಆಧಾರ್‌ಗೆ ನಿಮ್ಮ ಈಗಿನ ಮೊಬೈಲ್ ನಂಬರ್ ಇಲ್ಲದಿದ್ದರೆ ಅದೇ ದಿನ ಅದನ್ನೂ ಮಾಡಿಸಿ, ಅದಕ್ಕೆ ಬೇರೆ ದಾಖಲೆ ಬೇಕಿಲ್ಲ. ಊರಲ್ಲಿರುವ ಮಾವನ ನಂಬರ್ ಕೊಟ್ಟಿದ್ದರೆ, ಪ್ರತಿ ಓಟಿಪಿಗೂ ಮಾವ ಹೊಲದಿಂದ ಬರುವ ತನಕ ಕಾಯಬೇಕು.

## 2. ಜಾತಿ ಮತ್ತು ಆದಾಯ ಪ್ರಮಾಣಪತ್ರ

ಪ್ರಮಾಣಪತ್ರ ಕೊಡುವುದು ನಾಡಕಚೇರಿ. ಆನ್‌ಲೈನ್‌ನಲ್ಲೂ ಅರ್ಜಿ ಹಾಕಬಹುದು, ಬೆಂಗಳೂರು ಒನ್‌ನಲ್ಲೂ ಆಗುತ್ತದೆ. ಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಉದ್ದನೆಯ ನಂಬರ್ ಇರುತ್ತದೆ. ಎಸ್‌ಎಸ್‌ಪಿ ಪೋರ್ಟಲ್ ಕೇಳುವುದು ಆ ನಂಬರನ್ನೇ. ಅದನ್ನು ಹಾಕಿದ ಕೂಡಲೇ ನಿಮ್ಮ ಹೆಸರು, ಜಾತಿ, ಆದಾಯ ತಾನಾಗೇ ಬರುತ್ತದೆ.

ಮೂರು ವಿಷಯ ನೋಡಿ. ಪತ್ರ ನಿಮ್ಮದೇ ಹೆಸರಲ್ಲಿರಲಿ, ಅಪ್ಪನ ಹೆಸರಲ್ಲಿ ಮಾಡಿಸಿಕೊಂಡು ಬರುವವರು ಬಹಳ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷ ಮಾತ್ರ ಆಯಸ್ಸು. ಎಂಟನೇ ಕ್ಲಾಸಿನಲ್ಲಿ ಮಾಡಿಸಿದ್ದು ಡಿಗ್ರಿಗೆ ಬರುವಷ್ಟರಲ್ಲಿ ಮುಗಿದಿರುತ್ತದೆ ಅಥವಾ ಮುಗಿಯುವುದರಲ್ಲಿರುತ್ತದೆ. ಪತ್ರದ ದಿನಾಂಕದಿಂದ ಲೆಕ್ಕ ಹಾಕಿ, ಆರು ತಿಂಗಳೂ ಉಳಿದಿಲ್ಲ ಅಂದರೆ ಈಗಲೇ ಹೊಸದು ಮಾಡಿಸಿ. ಮೂರನೆಯದು, ನಂಬರಿನಲ್ಲಿ ಸೊನ್ನೆಗಳು ಜಾಸ್ತಿ ಇರುತ್ತವೆ, ಒಂದು ಬಿಟ್ಟರೂ ದಾಖಲೆ ಸಿಗಲಿಲ್ಲ ಅನ್ನುತ್ತದೆ.

ಹೊರಗಿನ ಜಿಲ್ಲೆಯಿಂದ ಬಂದು ಇಲ್ಲಿ ಓದುತ್ತಿರುವವರು ಕೆ.ಜಿ. ರಸ್ತೆಯ ಕಂದಾಯ ಭವನಕ್ಕೆ ಹೋಗಿ ನಿಂತು, "ನಿಮ್ಮ ತಾಲ್ಲೂಕಿಗೆ ಹೋಗಿ" ಅನ್ನಿಸಿಕೊಂಡು ಬಂದಿದ್ದಾರೆ. ಪಾವಗಡದವರ ಪತ್ರ ಪಾವಗಡದಲ್ಲೇ ಆಗಬೇಕು. ದಸರಾ ರಜೆಗೆ ಊರಿಗೆ ಹೋದಾಗ ಮಾಡಿಸುತ್ತೇನೆ ಅಂದುಕೊಳ್ಳಬೇಡಿ, ಆ ವಾರ ಕಚೇರಿಗೂ ಒಂದೆರಡು ದಿನ ರಜೆ ಇರುತ್ತದೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಬೇಕಾದರೆ ಗ್ರಾಮ ಆಡಳಿತಾಧಿಕಾರಿಯನ್ನು ಮನೆಯವರು ಹೋಗಿ ನೋಡಲಿ.

## 3. ಬ್ಯಾಂಕು: 'ಆಧಾರ್ ಲಿಂಕ್ ಆಗಿದೆ' ಅನ್ನುವ ಮಾತನ್ನು ನಂಬಬೇಡಿ

ಮಂಜೂರಾದ ದುಡ್ಡು ಕೈಗೆ ಸಿಗದೇ ಹೋಗುವುದು ಜಾಸ್ತಿ ಇಲ್ಲೇ, ಅದಕ್ಕೆ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಎಸ್‌ಎಸ್‌ಪಿ ದುಡ್ಡು ನೀವು ಬರೆದುಕೊಟ್ಟ ಖಾತೆ ನಂಬರ್ ನೋಡಿ ಬರುವುದಿಲ್ಲ. ನಿಮ್ಮ ಆಧಾರ್ ನಂಬರ್ ನೋಡಿ ಬರುತ್ತದೆ. ಯಾವ ಆಧಾರ್‌ಗೆ ಯಾವ ಬ್ಯಾಂಕು ಅನ್ನುವ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಹತ್ತಿರ ಇರುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಕೊನೆಯ ಸಲ ಯಾವ ಬ್ಯಾಂಕಿನಲ್ಲಿ ಒಪ್ಪಿಗೆ ಕೊಟ್ಟಿರೋ ಆ ಬ್ಯಾಂಕಿಗೇ ದುಡ್ಡು ಹೋಗುತ್ತದೆ. ಬ್ಯಾಂಕಿನಲ್ಲಿ ಕೆವೈಸಿಗೆ ಆಧಾರ್ ಜೆರಾಕ್ಸ್ ಕೊಟ್ಟಿದ್ದು ಬೇರೆ, ಈ ಪಟ್ಟಿಗೆ ಸೇರಿಸಿದ್ದು ಬೇರೆ. ಕೌಂಟರಿನಲ್ಲಿ "ಲಿಂಕ್ ಆಗಿದೆಯಾ" ಅಂತ ಕೇಳಿದರೆ ಆಗಿದೆ ಅನ್ನುತ್ತಾರೆ, ಅವರು ಹೇಳುತ್ತಿರುವುದು ಮೊದಲನೆಯದರ ಬಗ್ಗೆ. ನೀವು ಕೇಳಬೇಕಾದ್ದು ಹೀಗೆ: "ಡಿಬಿಟಿಗೆ ಎನ್‌ಪಿಸಿಐ ಸೀಡಿಂಗ್ ಆಗಿದೆಯಾ?" ಡಿಬಿಟಿ ಅಂದರೆ ಸರ್ಕಾರದ ದುಡ್ಡು ನೇರವಾಗಿ ಖಾತೆಗೆ ಬರುವುದು, ಸೀಡಿಂಗ್ ಅಂದರೆ ಆ ಪಟ್ಟಿಗೆ ಸೇರಿಸುವುದು.

ನೀವೇ ನೋಡಿಕೊಳ್ಳುವ ದಾರಿಯೂ ಇದೆ. ಆಧಾರ್ ಕೊಡುವ ಯುಐಡಿಎಐನ ಮೈ ಆಧಾರ್ ವೆಬ್‌ಸೈಟಿಗೆ ಆಧಾರ್ ನಂಬರ್ ಮತ್ತು ಓಟಿಪಿ ಹಾಕಿ ಒಳಗೆ ಹೋಗಿ. 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಇರುತ್ತದೆ. ಅದನ್ನು ಒತ್ತಿದರೆ ಬ್ಯಾಂಕಿನ ಹೆಸರು, 'ಆಕ್ಟಿವ್' ಅನ್ನುವ ಪದ, ದಿನಾಂಕ ಕಾಣುತ್ತದೆ. ಆಕ್ಟಿವ್ ಅಂತ ಇಲ್ಲದಿದ್ದರೆ ಅಥವಾ ಗೊತ್ತೇ ಇಲ್ಲದ ಬ್ಯಾಂಕಿನ ಹೆಸರು ಬಂದರೆ ಅಲ್ಲಿಗೇ ನಿಲ್ಲಿಸಿ, ಅರ್ಜಿಯ ಮಾತು ಆಮೇಲೆ.

ಗೊತ್ತೇ ಇಲ್ಲದ ಬ್ಯಾಂಕು ಹೇಗೆ ಬರುತ್ತದೆ ಅಂದರೆ ಹೀಗೆ. ಒಬ್ಬ ಹುಡುಗ, ಬಿ.ಕಾಂ ಮೊದಲ ವರ್ಷ, ಸ್ಕಾಲರ್‌ಶಿಪ್ ಬಂದೇ ಇಲ್ಲ ಅಂತ ಒಂದು ವರ್ಷ ಅಲೆದ. ಪೋರ್ಟಲ್‌ನಲ್ಲಿ ನೋಡಿದರೆ ದುಡ್ಡು ಜಮಾ ಆಗಿದೆ ಅಂತ ತೋರಿಸುತ್ತಿದೆ. ಅವನ ಪಾಸ್‌ಬುಕ್‌ನಲ್ಲಿ ಒಂದು ಪೈಸೆ ಇಲ್ಲ. ಕೊನೆಗೆ ಮೈ ಆಧಾರ್ ತೆರೆದಾಗ ಒಂದು ಪೇಮೆಂಟ್ಸ್ ಬ್ಯಾಂಕಿನ ಹೆಸರು ಬಂತು. ಎರಡು ವರ್ಷದ ಹಿಂದೆ ಹೊಸ ಸಿಮ್ ತಗೊಳ್ಳುವಾಗ ಅಂಗಡಿಯವರು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಸಿಮ್ ಜೊತೆಗೆ ಖಾತೆಯೂ ತೆರೆದಿತ್ತು. ದುಡ್ಡು ಪೂರ್ತಿ ಅಲ್ಲೇ ಇತ್ತು. ಆ ಹುಡುಗ ಅಲ್ಲಿಯ ತನಕ ಸಂಜೆ ಹೊತ್ತು ಒಂದು ಹೋಟೆಲಿನಲ್ಲಿ ಪ್ಲೇಟು ಎತ್ತಿ ಎರಡನೇ ವರ್ಷದ ಫೀ ಕಟ್ಟಿದ್ದ.

ಇನ್ನೊಂದು ಮಾತು. ಶಾಲೆಯಲ್ಲಿದ್ದಾಗ ಅಮ್ಮನ ಜೊತೆ ಮೈನರ್ ಖಾತೆ ತೆರೆದಿದ್ದರೆ, 18 ತುಂಬಿದ ಮೇಲೆ ಅದನ್ನು ನಿಮ್ಮ ಸ್ವಂತ ಖಾತೆಯಾಗಿ ಬದಲಾಯಿಸಬೇಕು. ಫೋಟೋ, ಸಹಿ, ಕೆವೈಸಿ ಹೊಸದಾಗಿ ಕೊಡಬೇಕು. ಹಾಗೇ ಬಿಟ್ಟರೆ ಖಾತೆಯ ವ್ಯವಹಾರ ನಿಂತುಹೋಗುತ್ತದೆ. ಖಾತೆಯೇ ಇಲ್ಲದವರು ಹತ್ತಿರದ ಅಂಚೆ ಕಚೇರಿಯಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಖಾತೆ ತೆರೆದು ಡಿಬಿಟಿಗೆ ಒಪ್ಪಿಗೆ ಕೊಡಬಹುದು. ಖಾತೆ ಯಾವುದೇ ಇರಲಿ, ಸೀಡಿಂಗ್ ಆದ ಮೇಲೆ ಸ್ಕಾಲರ್‌ಶಿಪ್ ಬರುವ ತನಕ ಇನ್ನೆಲ್ಲೂ ಹೊಸ ಖಾತೆ ತೆರೆಯಬೇಡಿ.

## 4. ನಿಮಗೆ ಯಾವುದು ಸಿಗುತ್ತದೆ

ಮೆಟ್ರಿಕ್ ನಂತರದ ರಾಜ್ಯ ಸ್ಕಾಲರ್‌ಶಿಪ್‌ಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಒಂದೇ ಅರ್ಜಿ. ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ, ಇವರಲ್ಲಿ ಯಾರಿಗೆ ಹೋಗಬೇಕು ಅನ್ನುವುದು ನಿಮ್ಮ ಪ್ರಮಾಣಪತ್ರದ ಮೇಲೆ ತೀರ್ಮಾನವಾಗುತ್ತದೆ. ಎಸ್‌ಸಿ, ಎಸ್‌ಟಿ ಪೋಸ್ಟ್ ಮೆಟ್ರಿಕ್‌ಗೆ ಕುಟುಂಬದ ವರ್ಷದ ಆದಾಯ 2.5 ಲಕ್ಷ ರೂಪಾಯಿ ಒಳಗಿರಬೇಕು. ಹಿಂದುಳಿದ ವರ್ಗದಲ್ಲಿ ಪ್ರವರ್ಗ ನೋಡಿ ಮಿತಿ ಬೇರೆ ಬೇರೆ, ಆ ವರ್ಷದ ಅಧಿಸೂಚನೆ ಓದಿ. ದೂರದ ಊರಿಂದ ಬಂದು ಸರ್ಕಾರಿ ಹಾಸ್ಟೆಲ್ ಸಿಗದೆ ರೂಮು ಮಾಡಿಕೊಂಡಿರುವ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ, ಊಟ ಮತ್ತು ವಸತಿ ಖರ್ಚಿಗೆ. ಬಹಳ ಜನ ಇದರ ಹೆಸರನ್ನೇ ಕೇಳಿರುವುದಿಲ್ಲ.

ಅಪ್ಪ ಅಮ್ಮನ ಹೆಸರಲ್ಲಿ ಜಮೀನಿದ್ದರೆ ರೈತ ವಿದ್ಯಾನಿಧಿ ನೋಡಿ. 2021ರಲ್ಲಿ ಶುರುವಾದ ಯೋಜನೆ. ಬಿ.ಎ, ಬಿ.ಎಸ್ಸಿ, ಬಿ.ಕಾಂಗೆ ವರ್ಷಕ್ಕೆ ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಅಂತ ಆದೇಶ. ಇದಕ್ಕೆ ಬೇಕಾದ್ದು ಅಪ್ಪನ ಅಥವಾ ಅಮ್ಮನ ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರ್), ಎಫ್‌ಐಡಿ ಅನ್ನುತ್ತಾರೆ. ಊರಿನ ರೈತ ಸಂಪರ್ಕ ಕೇಂದ್ರದಲ್ಲಿ ಸಿಗುತ್ತದೆ, ಈ ವರ್ಷದ ಪಾವತಿ ಬಗ್ಗೆಯೂ ಅಲ್ಲೇ ವಿಚಾರಿಸಿ. ಕಟ್ಟಡ ಕಾರ್ಮಿಕರ ಮಕ್ಕಳಾದರೆ ಕಾರ್ಮಿಕ ಮಂಡಳಿಯ ಕಾರ್ಡ್ ನವೀಕರಣ ಆಗಿದೆಯಾ ನೋಡಿ, ಅವರಿಗೂ ಶೈಕ್ಷಣಿಕ ಸಹಾಯ ಇದೆ.

ಹುಡುಗಿಯರಿಗೆ ಒಂದು ಮಾತು ಜೋರಾಗಿ ಹೇಳಬೇಕು. ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್ ವರ್ಷಕ್ಕೆ 30,000 ರೂಪಾಯಿ. ಹತ್ತನೇ ಕ್ಲಾಸು ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ ಕಾಲೇಜಿನಲ್ಲಿ ಮುಗಿಸಿರಬೇಕು. 2025ರಲ್ಲಿ ಕರ್ನಾಟಕ ಸರ್ಕಾರವೂ ಇದಕ್ಕೆ ಕೈಜೋಡಿಸಿ ದೀಪಿಕಾ ಅನ್ನುವ ಹೆಸರಲ್ಲಿ ತಂದಿತು. ಇದಕ್ಕೆ ಮೊದಲ ವರ್ಷದಲ್ಲೇ ಹಾಕಬೇಕು. ಎರಡನೇ ವರ್ಷಕ್ಕೆ ಬಂದ ಮೇಲೆ ಗೊತ್ತಾಗಿ ಅಳುತ್ತಾ ಬಂದವರಿಗೆ ನಾನು ಏನೂ ಮಾಡಲಾಗಲಿಲ್ಲ. ಅರ್ಜಿಗೆ ದುಡ್ಡಿಲ್ಲ, ಅವರ ಫೌಂಡೇಶನ್ ವೆಬ್‌ಸೈಟಿನಲ್ಲೇ ತುಂಬಬೇಕು, ಎಸ್‌ಎಸ್‌ಪಿಯಲ್ಲಿ ಇದು ಬರುವುದಿಲ್ಲ.

ಪಿಯುಸಿಯಲ್ಲಿ ತುಂಬಾ ಒಳ್ಳೆ ಅಂಕ ತೆಗೆದವರು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ (ಎನ್‌ಎಸ್‌ಪಿ) ನೋಡಿ. ಸೆಂಟ್ರಲ್ ಸೆಕ್ಟರ್ ಸ್ಕೀಂನಲ್ಲಿ ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ, ಆದಾಯ ಮಿತಿ 4.5 ಲಕ್ಷ, ಬೋರ್ಡ್‌ನಲ್ಲಿ ನಿಮ್ಮ ವಿಭಾಗದ ಮೇಲಿನ 20 ಪರ್ಸೆಂಟೈಲ್ ಒಳಗೆ, ಅಂದರೆ ನೂರು ಜನರಲ್ಲಿ ಮೇಲಿನ ಇಪ್ಪತ್ತರಲ್ಲಿ ಬಂದಿರಬೇಕು. ಇದು ತಗೊಂಡರೆ ಬೇರೆ ಸ್ಕಾಲರ್‌ಶಿಪ್ ತಗೊಳ್ಳುವಂತಿಲ್ಲ, ಆದ್ದರಿಂದ ಯಾವುದು ಹೆಚ್ಚು ಅಂತ ಮೊದಲೇ ಲೆಕ್ಕ ಹಾಕಿ.

## 5. ಎಸ್‌ಎಸ್‌ಪಿ ಅರ್ಜಿ ತುಂಬುವುದು

ಈಗ ಪೋರ್ಟಲ್ ತೆರೆಯಿರಿ. ಪೋಸ್ಟ್ ಮೆಟ್ರಿಕ್ ಪೋರ್ಟಲ್ಲೇ ಆಗಿರಬೇಕು. ಪಿಯುಸಿಯಲ್ಲಿ ಅರ್ಜಿ ಹಾಕಿದ್ದವರಿಗೆ ಐಡಿ ಆಗಲೇ ಇದೆ, ಹೊಸದು ಮಾಡಲು ಹೋಗಬೇಡಿ. ಒಂದು ಆಧಾರ್‌ಗೆ ಒಂದೇ ಐಡಿ. ಪಾಸ್‌ವರ್ಡ್ ಮರೆತಿದ್ದರೆ ಬದಲಾಯಿಸಿಕೊಳ್ಳಿ. ಹೊಸದಾಗಿ ಮಾಡುವವರು ಆಧಾರ್‌ನಲ್ಲಿ ಇರುವ ಹಾಗೇ ಹೆಸರು ಟೈಪ್ ಮಾಡಿ, ನಿಮ್ಮದೇ ಮೊಬೈಲ್ ನಂಬರ್ ಕೊಡಿ. ಸೈಬರ್ ಸೆಂಟರ್‌ನವರ ನಂಬರ್ ಹಾಕಲು ಬಿಡಲೇಬೇಡಿ.

ಕಾಲೇಜು ಆರಿಸುವಾಗ ನಿಧಾನ. ಬೆಂಗಳೂರಿನಲ್ಲಿ 'ಸರ್ಕಾರಿ ಪ್ರಥಮ ದರ್ಜೆ ಕಾಲೇಜು' ಅನ್ನುವ ಹೆಸರು ವಿಜಯನಗರದಲ್ಲೂ ಇದೆ, ಯಲಹಂಕದಲ್ಲೂ ಇದೆ, ಕೆ.ಆರ್. ಪುರದಲ್ಲೂ ಇದೆ. ಬೆಂಗಳೂರು ವಿಶ್ವವಿದ್ಯಾಲಯ ಬೇರೆ, ನಗರ ವಿಶ್ವವಿದ್ಯಾಲಯ ಬೇರೆ, ಉತ್ತರ ಬೇರೆ. ಬೆಂಗಳೂರು ಹೆಸರಿನ ಜಿಲ್ಲೆಗಳೂ ಒಂದಕ್ಕಿಂತ ಹೆಚ್ಚು. ಪ್ರವೇಶ ಪತ್ರವನ್ನೋ ಫೀ ರಸೀದಿಯನ್ನೋ ಎದುರಿಗೆ ಇಟ್ಟುಕೊಂಡು ಆರಿಸಿ. ತಪ್ಪಾದರೆ ನಿಮ್ಮ ಅರ್ಜಿ ಯಾವುದೋ ಕಾಲೇಜಿನ ಲಾಗಿನ್‌ನಲ್ಲಿ ಕೂತಿರುತ್ತದೆ, ನಮಗೆ ಕಾಣುವುದೇ ಇಲ್ಲ.

ಹಾಸ್ಟೆಲ್ ಪ್ರಶ್ನೆಗೆ ಪಿಜಿಯಲ್ಲಿ ಇರುವವರು 'ಹೌದು' ಅಂತ ಒತ್ತುತ್ತಾರೆ. ಪಿಜಿ ಹಾಸ್ಟೆಲ್ ಅಲ್ಲ. ಇಲಾಖೆ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿರುವವರು ಮಾತ್ರ ಅದನ್ನು ಒತ್ತಬೇಕು. ಎಫ್‌ಐಡಿ ಇದ್ದರೆ ಖಾಲಿ ಬಿಡದೆ ಹಾಕಿ.

ದಾಖಲೆಗಳಿಗೆ ಇ-ದೃಢೀಕರಣ ಕೇಳಿದರೆ, ಮೊದಲು ಇ-ದೃಢೀಕರಣದ ಪೋರ್ಟಲ್‌ನಲ್ಲಿ ದಾಖಲೆ ಹಾಕಿ, ಕಾಲೇಜಿನ ದೃಢೀಕರಣ ಅಧಿಕಾರಿ ಒಪ್ಪಿದ ಮೇಲೆ ಬರುವ ನಂಬರನ್ನು ಇಲ್ಲಿ ಹಾಕಬೇಕು. ಇದಕ್ಕೆ ಒಂದೆರಡು ದಿನ ಬೇಕು, ಕೊನೇ ದಿನ ಸಂಜೆ ಬಂದರೆ ನಾವೂ ಕೈಚೆಲ್ಲಬೇಕಾಗುತ್ತದೆ.

ಎಲ್ಲಾ ತುಂಬಿ 'ಸೇವ್' ಮಾಡಿದರೆ ಅರ್ಜಿ ಹೋಗುವುದಿಲ್ಲ. ಕೊನೆಯಲ್ಲಿ ಇರುವ ಸಲ್ಲಿಸುವ ಬಟನ್ ಒತ್ತಿ, ಸ್ವೀಕೃತಿ ಪತ್ರ ಕಾಣಿಸಿತಾ ನೋಡಿ. ಆ ಪತ್ರ ಇಲ್ಲ ಅಂದರೆ ಅರ್ಜಿಯೂ ಇಲ್ಲ.

## 6. ಪ್ರಿಂಟ್ ತಗೊಂಡು ಕಾಲೇಜಿಗೆ ಬನ್ನಿ

ಸ್ವೀಕೃತಿಯ ಎರಡು ಪ್ರಿಂಟ್ ತೆಗೆಸಿ. ಒಂದನ್ನು ಅಂಕಪಟ್ಟಿ, ಪ್ರಮಾಣಪತ್ರ, ಫೀ ರಸೀದಿ ಜೆರಾಕ್ಸ್ ಜೊತೆ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೆ ಕೊಡಿ. ಕಾಲೇಜು ತನ್ನ ಲಾಗಿನ್‌ನಲ್ಲಿ ನಿಮ್ಮ ವಿವರ ನೋಡಿ ಮುಂದಕ್ಕೆ ಕಳಿಸಬೇಕು. ಅಲ್ಲಿ ನಿಂತರೆ ಇಲಾಖೆಗೆ ಹೋಗುವುದೇ ಇಲ್ಲ. ಎನ್‌ಎಸ್‌ಪಿಯಲ್ಲೂ ಹೀಗೇ, ಮೊದಲು ಕಾಲೇಜು ನೋಡಬೇಕು, ಆಮೇಲೆ ಮೇಲಿನವರು.

ಹತ್ತು ದಿನ ಬಿಟ್ಟು ಬಂದು ಕೇಳಿ. ನಮ್ಮಲ್ಲಿ ನೂರಾರು ಅರ್ಜಿ ಇರುತ್ತವೆ, ಕಣ್ತಪ್ಪುತ್ತದೆ. ಕೇಳಿದರೆ ಬೈಯುತ್ತಾರೆ ಅಂತ ಹೆದರಬೇಡಿ. ಕೇಳಲು ಬಂದ ಮಕ್ಕಳ ಅರ್ಜಿಯನ್ನು ಅಲ್ಲೇ ತೆರೆದು ನೋಡುತ್ತೇವೆ, ತಪ್ಪಿದ್ದರೆ ತಿದ್ದುವ ಅವಕಾಶ ಇನ್ನೂ ಇರುತ್ತದೆ.

## 7. ದುಡ್ಡು ಬರುವ ತನಕ

ಎಸ್‌ಎಸ್‌ಪಿಯಲ್ಲೇ ಐಡಿ ಹಾಕಿ ಸ್ಥಿತಿ ನೋಡಬಹುದು. ಡಿಬಿಟಿ ಕರ್ನಾಟಕ ಆಪ್ ಹಾಕಿಕೊಂಡರೆ ಯಾವ ಬ್ಯಾಂಕಿಗೆ, ಯಾವ ದಿನ, ಎಷ್ಟು ಬಂತು ಅಂತ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಸಾಕು.

ಈ ಸೂಚನೆಗಳು ಕಂಡರೆ ಸುಮ್ಮನೆ ಕೂರಬೇಡಿ. ತಿಂಗಳು ಕಳೆದರೂ ಕಾಲೇಜಿನ ಹಂತದಲ್ಲೇ ಬಾಕಿ ಅಂತ ಇದ್ದರೆ ಕಾಲೇಜಿಗೆ ಬನ್ನಿ. ಪಾವತಿ ವಿಫಲ ಅಂತ ಬಂದರೆ ತಪ್ಪು ಬ್ಯಾಂಕಿನಲ್ಲಿದೆ, ಮೂರನೇ ಹಂತಕ್ಕೆ ವಾಪಸ್ ಹೋಗಿ. ಜಮಾ ಆಗಿದೆ ಅಂತ ಇದ್ದು ಕೈಗೆ ಸಿಗದಿದ್ದರೆ ಬೇರೆ ಖಾತೆಗೆ ಹೋಗಿದೆ, ಬ್ಯಾಂಕಿನ ಹೆಸರು ನೋಡಿ. ತಿರಸ್ಕೃತ ಅಂದರೆ ಕಾರಣ ಬರೆದಿರುತ್ತದೆ, ಅದರ ಪ್ರಿಂಟ್ ತಗೊಂಡು ನಿಮ್ಮ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ.

"ನಿಮ್ಮ ಸ್ಕಾಲರ್‌ಶಿಪ್ ಮಂಜೂರಾಗಿದೆ, ಲಿಂಕ್ ಒತ್ತಿ" ಅಂತ ಮೆಸೇಜ್ ಬಂದರೆ ಒತ್ತಬೇಡಿ. ಸ್ಕಾಲರ್‌ಶಿಪ್ ಬಿಡಿಸಿಕೊಡಲು ಮುಂಗಡ ಕೇಳುವವರು, ಓಟಿಪಿ ಕೇಳುವವರು ಯಾರೇ ಆಗಲಿ ಮೋಸಗಾರರು. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಎಸ್‌ಎಸ್‌ಪಿ ಅರ್ಜಿ ಪ್ರತಿ ವರ್ಷ ಹಾಕಬೇಕು, ತಾನಾಗೇ ಮುಂದುವರಿಯುವುದಿಲ್ಲ. ಎರಡನೇ ವರ್ಷಕ್ಕೂ ಇದೇ ಐಡಿ, ಇದೇ ಪಾಸ್‌ವರ್ಡ್. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಆದಾಯ ಪ್ರಮಾಣಪತ್ರ ಮುಗಿಯುವ ತಿಂಗಳನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ, ಮನೆಯಲ್ಲಿ ತಮ್ಮನೋ ತಂಗಿಯೋ ಪಿಯುಸಿಗೆ ಬಂದಿದ್ದರೆ ಅವರದ್ದನ್ನೂ ಅದರ ಕೆಳಗೇ ಬರೆಯಿರಿ.